ಚಿತ್ರಕಾರನಿಗೆ ಪಂಡಿತಪದವಿ

ಚಿತ್ರ ಬರೆಯುವವನಿಗೆ ಡಾಕ್ಟರ್ ಪದವಿಯಿಂದ ಆಗಬೇಕಾದುದೇನೆಂದು ವಾಚಕಮಹಾಶಯರಲ್ಲಿ ಅನೇಕರು ಕೇಳಿಯಾರು. ಚಿತ್ರಕಲೆಯ ಇತಿಹಾಸವನ್ನು ಶೋಧಿಸಿ ಆ ಪದವಿಯನ್ನು ಪಡೆದ ವಿದ್ವಾಂಸರು ಎಲ್ಲ ದೇಶಗಳಲ್ಲಿಯೂ ಉಂಟು. ನಾವು ಹೇಳಹೊರಟಿರುವುದು ಅವರ ವಿಷಯವಲ್ಲ. ಕುಂಚವನ್ನೋ ಉಳಿಯನ್ನೋ ಹಿಡಿದವನು ತನ್ನ ಕೃತಿಗಳನ್ನೇ ಸಂಶೋಧನೆಯೆಂದು ವಿದ್ವತ್ಸಭೆಯ ಮುಂದಿರಿಸಿ ಪದವಿಯನ್ನು ಕೇಳುವ ಪದ್ಧತಿಯೊಂದು ಕೆಲವು ದಶಕಗಳಿಂದ ಯೂರೋಪಿನಲ್ಲಿ ಬೆಳೆದುಬಂದಿದೆ. ಅದರ ವಿಚಾರವಾಗಿಯೇ ಈ ನಾಲ್ಕು ಮಾತು.

ಕಾಳಿದಾಸನ ಮಾಲವಿಕಾಗ್ನಿಮಿತ್ರವನ್ನು ಓದಿದವರಿಗೆ ಇದು ತೀರ ಹೊಸದೆನಿಸದು. ಗಣದಾಸ, ಹರದತ್ತ ಎಂಬ ನಾಟ್ಯಾಚಾರ್ಯರಿಬ್ಬರು ತಮ್ಮಲ್ಲಿ ಯಾರು ಮೇಲೆಂದು ಕಲಹವಾಡಿ ರಾಜನ ಬಳಿಗೆ ಬರುತ್ತಾರೆ. ಮಧ್ಯಸ್ಥಳಾದ ಪರಿವ್ರಾಜಿಕೆಯು ಬರಿಯ ವಾಗ್ವಾದವನ್ನೊಪ್ಪದೆ, ಶಿಷ್ಯೆಯರ ಪ್ರಯೋಗವನ್ನು ಕಂಡೇ ತೀರ್ಮಾನಿಸಬೇಕೆನ್ನುತ್ತಾಳೆ. ರಾಜನಿಗೆ ಬೇಕಾಗಿದ್ದುದು ಮಾಲವಿಕೆಯ ದರ್ಶನವೇ ಹೊರತು ನಾಟ್ಯದ ನಿರ್ಣಯವಲ್ಲವೆಂಬುದು ಬೇರೆ ಮಾತು.

ಇಂತಹ ಪ್ರಯೋಗಪರೀಕ್ಷೆಯನ್ನು ವಿಶ್ವವಿದ್ಯಾನಿಲಯದೊಳಕ್ಕೆ ತಂದ ಸ್ಥಳಗಳಲ್ಲಿ ಫಿನ್ಲೆಂಡಿನ ರಾಜಧಾನಿಯಾದ ಹೆಲ್ಸಿಂಕಿಯೊಂದು. ಅಲ್ಲಿಯ ಲಲಿತಕಲಾ ಅಕಾಡೆಮಿಯ ಮೂಲವು ೧೮೪೮ರಲ್ಲಿ ತೆರೆದ ಚಿತ್ರಲೇಖನದ ಶಾಲೆ. ೧೯೯೭ರಲ್ಲಿ ಅದು ಕಲಾವಿದರಿಗೆ ಡಾಕ್ಟರ್ ಪದವಿಯ ವ್ಯಾಸಂಗವನ್ನೇರ್ಪಡಿಸಿತು. ೨೦೧೩ರಲ್ಲಿ ಸಂಗೀತ, ನಾಟಕಗಳ ವಿದ್ಯಾಸಂಸ್ಥೆಗಳೊಡನೆ ಸೇರಿ ಕಲಾ ವಿಶ್ವವಿದ್ಯಾನಿಲಯವಾಯಿತು. ಅಭ್ಯರ್ಥಿಯು ಅಲ್ಲಿ ಮೊದಲು ಕೃತಿಗಳನ್ನು ರಚಿಸಿ ಪ್ರದರ್ಶಿಸಬೇಕು. ಪರೀಕ್ಷಕರು ಬಂದು ನೋಡುವರು. ಅದರೊಡನೆ, ತಾನು ಏನನ್ನು ಹುಡುಕಿದೆನು, ಮಾಡುತ್ತ ಮಾಡುತ್ತ ಏನನ್ನು ಕಂಡೆನು ಎಂಬುದನ್ನು ಬರೆದೂ ತೋರಿಸಬೇಕು.

ಆ ಪದವಿಯನ್ನು ಮೊದಮೊದಲು ಪಡೆದವರಲ್ಲಿ ಯಾನ್ ಕೈಲಾ ಎಂಬ ಛಾಯಾಚಿತ್ರಕಾರರೊಬ್ಬರು. ಬಿಸುಟ ಸಾಮಾನುಗಳಿಂದ ವಿಚಿತ್ರವಾದ ಗುಡಿಸಲುಗಳನ್ನು ಕಟ್ಟಿಕೊಂಡು ಬಾಳಿದ ಎಲಿಸ್ ಸಿನಿಸ್ಟೋ ಎಂಬ ಹಳ್ಳಿಗನ ಚಿತ್ರಗಳನ್ನು ಇವರು ತೆಗೆದು, ೧೯೯೨ರಲ್ಲಿ ಪುಸ್ತಕವಾಗಿ ಪ್ರಕಟಿಸಿದ್ದರು. ೨೦೦೨ರಲ್ಲಿ ಇವರು ಪದವಿಗಾಗಿ ಮುಂದಿಟ್ಟುದು ೧೯೯೮ರಿಂದ ೨೦೦೦ದ ವರೆಗಿನ ತಮ್ಮದೇ ಕೃತಿಗಳನ್ನು. ಛಾಯಾಚಿತ್ರಕ್ಕೆ ಛಾಯಾಚಿತ್ರತ್ವವು ಬರುವುದೆಲ್ಲಿಂದ, ಇಂದಿನ ಕಲೆಯಲ್ಲಿ ಅದನ್ನು ನೋಟಕರ ಮುಂದಿಡುವ ಬಗೆ ಹೇಗೆ ಎಂಬುದು ವಿಚಾರ. ಮುಂದೆ ಅದೇ ಅಕಾಡೆಮಿಯಲ್ಲಿ ಇಂತಹ ಸಂಶೋಧನೆಗೆ ಪ್ರಾಧ್ಯಾಪಕರೂ ಆದರು.

ಇದಕ್ಕೆ ಆಕ್ಷೇಪಣೆಗಳಿಲ್ಲದಿಲ್ಲ. ಇಂಗ್ಲೆಂಡಿನ ಕ್ರಿಸ್ಟೋಫರ್ ಫ್ರೇಲಿಂಗರು ೧೯೯೩ರ ತಮ್ಮ ಲೇಖನದಲ್ಲಿ ಕಲೆಯನ್ನು ಕುರಿತ ಸಂಶೋಧನೆ, ಕಲೆಯ ಮೂಲಕ ಸಂಶೋಧನೆ, ಕಲೆಗಾಗಿ ಸಂಶೋಧನೆ ಎಂದು ಮೂರು ಬಗೆ ಮಾಡಿದರು. ಮೂರನೆಯದೇ ತೊಡಕಿನದೆಂದು ಅವರೇ ಒಪ್ಪಿದರು. ಅಮೆರಿಕದ ಕಲಾ ಇತಿಹಾಸಕಾರ ಜೇಮ್ಸ್ ಎಲ್ಕಿನ್ಸರು ಇನ್ನೂ ಕಟುವಾಗಿ, ಸಂಶೋಧನೆ, ನೂತನ ಜ್ಞಾನ ಎಂಬ ಶಬ್ದಗಳು ಚಿತ್ರಶಾಲೆಯ ಕೆಲಸಕ್ಕೆ ಒಗ್ಗವೆಂದು ಶಂಕಿಸಿದ್ದಾರೆ. ಈ ಶಂಕೆಯನ್ನು ನಾವು ಲಘುವೆಂದು ತಳ್ಳಲಾರೆವು. ಬರೆಯಬೇಕೆಂಬ ಕಾರಣಕ್ಕೇ ಬರೆದ ಶುಷ್ಕ ಪ್ರಬಂಧಗಳನ್ನು ವಿದ್ಯಾಲೋಕವು ಬೇಕಾದಷ್ಟು ಕಂಡಿದೆ. ಆದರೂ ನಮ್ಮ ಅಭಿಪ್ರಾಯವು ಹೆಲ್ಸಿಂಕಿಯವರ ಕಡೆಗೇ ಒಲೆಯುತ್ತದೆ. ಹೋಳಿಗೆಯ ಕಣಕದ ಹದವನ್ನು ಗೃಹಿಣಿಯ ಬೆರಳು ಅರಿಯುವುದು. ಅದನ್ನು ಮಗಳಿಗೆ ಹೇಳಬೇಕಾದಾಗ ಆಕೆಯು ಮಾತಿಗಾಗಿ ತಡಕಾಡುವಳು. ಆ ತಡಕಾಟದಿಂದ ದೊರೆತ ಮಾತು, ಹೊರಗೆ ನಿಂತು ನೋಡಿದ ಪಂಡಿತನಿಗೆ ಎಂದಿಗೂ ದೊರೆಯದು.

ಆದರೆ ಹುಡುಕುವುದಕ್ಕೆ ಕಾಲ ಬೇಕು, ಕಾಲಕ್ಕೆ ಅನ್ನ ಬೇಕು. ಹಗಲೆಲ್ಲ ಬೇರೆ ದುಡಿಮೆ ಮಾಡಿ ರಾತ್ರಿ ಕುಂಚ ಹಿಡಿಯುವವನು ಒಂದೇ ಪ್ರಶ್ನೆಯನ್ನು ನಾಲ್ಕು ವರ್ಷ ಬೆನ್ನಟ್ಟುವುದೆಂತು? ಫಿನ್ಲೆಂಡಿನಲ್ಲಿ ಡಾಕ್ಟರ್ ಪದವಿಯ ವ್ಯಾಸಂಗಕ್ಕೆ ಶುಲ್ಕವಿಲ್ಲ. ಸಂಬಳವುಳ್ಳ ಸ್ಥಾನಗಳು ಕೆಲವುಂಟು. ಮಿಕ್ಕವರು ದತ್ತಿನಿಧಿಗಳನ್ನು ಆಶ್ರಯಿಸಬೇಕು. ಅವುಗಳಲ್ಲೊಂದು ೧೯೫೬ರಲ್ಲಿ ಸ್ಥಾಪಿತವಾದ ಕೋನೆ ಪ್ರತಿಷ್ಠಾನ. ಎತ್ತರದ ಕಟ್ಟಡಗಳಲ್ಲಿ ಜನರನ್ನು ಮೇಲಕ್ಕೊಯ್ಯುವ ಲಿಫ್ಟುಗಳನ್ನು ಮಾಡುವ ಕೋನೆ ಕಂಪೆನಿಯಿಂದ ಹುಟ್ಟಿದ ಹಣವದು. ವಿದ್ವಾಂಸರಿಗೂ ಕಲಾವಿದರಿಗೂ ಅದು ವೇತನ ಕೊಡುವುದಲ್ಲದೆ, ಮುನಮಾಕಿ ಎಂಬಲ್ಲಿಯ ಹಳೆಯ ಜಮೀನುದಾರಿ ಮನೆಯೊಂದನ್ನು ೨೦೦೮ರಿಂದ ಕಲಾವಿದರ ವಸತಿಗಾಗಿ ಬಿಟ್ಟುಕೊಟ್ಟಿದೆ.

ಹಣದಷ್ಟೇ ಅಗತ್ಯವಾದುದು ಸಭೆ. ಒಂಟಿಯಾಗಿ ಕೆಲಸಮಾಡುವವನಿಗೆ ಪೂರ್ವಪಕ್ಷವನ್ನು ಹೇಳುವವರೇ ಇರುವುದಿಲ್ಲ. ಇದಕ್ಕಾಗಿ ಅಕಾಡೆಮಿಯು ಸಂಶೋಧನಾ ದಿನಗಳೆಂಬ ಕೂಟಗಳನ್ನು ನಡೆಸುತ್ತದೆ. ಅರ್ಧ ಮುಗಿದ ಕೆಲಸವನ್ನೇ ತಂದಿಟ್ಟು ಸಹೋದ್ಯೋಗಿಗಳ ಪ್ರಶ್ನೆಗಳನ್ನು ಎದುರಿಸಬಹುದು. ವೆನಿಸ್ ನಗರದ ಮಹಾ ಕಲಾಪ್ರದರ್ಶನದ ಕಾಲದಲ್ಲಿ, ೨೦೧೫, ೨೦೧೭, ೨೦೧೯ರಲ್ಲಿ, ಆ ವಿಶ್ವವಿದ್ಯಾನಿಲಯವು ಸಂಶೋಧನಾ ಮಂಟಪವೊಂದನ್ನು ತೆರೆದು ಕೃತಿಗಳನ್ನೂ ಚರ್ಚೆಗಳನ್ನೂ ಒಂದೇ ಸೂರಿನಡಿಗೆ ತಂದಿತು. ಒಬ್ಬೊಬ್ಬ ದೇಶದ ಪ್ರತಿಷ್ಠೆಯೇ ಮುಖ್ಯವಾದ ಆ ಊರಿನಲ್ಲಿ ಪ್ರಶ್ನೆಗೊಂದು ಮಂಟಪ ದೊರೆತುದು ನಮಗೆ ಸಂತೋಷದ ವಿಷಯ.

ಕೊನೆಗೆ ಬರುವುದು ಬಹಿರಂಗ ಪರೀಕ್ಷೆ. ಫಿನ್ಲೆಂಡಿನ ಸಂಪ್ರದಾಯದಂತೆ ನಿಯಮಿತನಾದ ಆಕ್ಷೇಪಕನೊಬ್ಬನು ತುಂಬಿದ ಸಭೆಯಲ್ಲಿ ಅಭ್ಯರ್ಥಿಯನ್ನು ಪ್ರಶ್ನಿಸುವನು. ಅನಂತರ ಸಭಿಕರಲ್ಲಿ ಯಾರು ಬೇಕಾದರೂ ಎದ್ದು ಆಕ್ಷೇಪಿಸಬಹುದು. ಅಂದಿನ ಸಂಜೆ ಕರೋಂಕ್ಕಾ ಎಂಬ ಔತಣ. ಹಗಲೆಲ್ಲ ವಾದಿಸಿದ ಆ ಆಕ್ಷೇಪಕನೇ ಅಲ್ಲಿ ಮುಖ್ಯ ಅತಿಥಿ. ಊಟವಿಕ್ಕುವವನು ಪರೀಕ್ಷೆಗೆ ಒಳಗಾದ ಅಭ್ಯರ್ಥಿಯೇ.