ಗೋಡೆಯ ಮೇಲಿನ ಕಥೆಗಳು

ರಜೆಯಲ್ಲಿ ಧರ್ಮಕೇಂದ್ರದ ಕುಟುಂಬಗಳು ಬಸ್ಸು ಗೊತ್ತುಮಾಡಿ ಹೊರಟರೆ ಮಕ್ಕಳ ಹಟ ನೀರಾಟದ ಉದ್ಯಾನಕ್ಕೇ. ಅಲ್ಲಿ ಅಜ್ಜ-ಅಜ್ಜಿಯರ ಪಾಲಿಗೆ ಉಳಿಯುವುದು ಚೀಲ ಕಾಯುವ ಕೆಲಸ. ಮಂಗಳೂರಿಗೆ ಹೋಗುವವರು ಒಂದು ಮುಂಜಾನೆಯನ್ನು ಸಂತ ಅಲೋಶಿಯಸ್ ಪ್ರಾರ್ಥನಾಲಯಕ್ಕೆ ಮೀಸಲಿಡಲಿ. ಇಟಲಿಯ ಯೇಸುಸಭೆಯ ಸಹೋದರ ಅಂತೋನಿಯೊ ಮೊಸ್ಕೇನಿಯವರು 1899ರಿಂದ ಸುಮಾರು ಎರಡು ವರ್ಷ ಇಲ್ಲಿ ಚಿತ್ರ ಬರೆದರು. ಗೋಡೆಯ ಚಿತ್ರಗಳಿಗೆ ಹಸಿ ಗಾರೆಯೇ ಹಲಗೆ. ಅದು ಆರುವುದರೊಳಗೆ ಆ ದಿನದ ಭಾಗ ಮುಗಿಯಬೇಕು. ತಲೆಯೆತ್ತಿದರೆ ಮೇಲ್ಛಾವಣಿಯಲ್ಲಿ ಅಲೋಶಿಯಸರ ಜೀವನ. ಪ್ಲೇಗ್ ರೋಗಿಗಳ ಶುಶ್ರೂಷೆಯಲ್ಲಿದ್ದು 1591ರಲ್ಲಿ ತೀರಿಕೊಂಡಾಗ ಅವರಿಗೆ 23 ವರ್ಷ. ಈ ಕಥೆ ಹೇಳಲು ಮಾರ್ಗದರ್ಶಿ ಏತಕ್ಕೆ, ಅಜ್ಜಿಯೇ ಸಾಕು. ಸಂಜೆ ಪಣಂಬೂರು ಕಡಲತೀರದಲ್ಲಿ ಎಲ್ಲರೂ ಕಾಲು ತೋಯಿಸಬಹುದು. ಮಕ್ಕಳ ಕೈ ಮಾತ್ರ ಬಿಡಬೇಡಿ, ಅಲೆಯ ಸೆಳೆತ ಬಲವಾಗಿರುತ್ತದೆ.