ಮೋಡದ ಕಾಡಿನ ನೀಲಿ ಹಾಡುಗಾರ

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಕಡೆಯ ಜನರಿಗೆ ಬೆಟ್ಟವೆಂದರೆ ಕಪ್ಪತಗುಡ್ಡ. ಮುಂಗಾರಿನಲ್ಲಿ ಅದರ ನೆತ್ತಿಯ ಮೇಲೆ ಮೋಡಗಳು ಹಾದುಹೋಗುತ್ತವೆ. ಆದರೆ ಸುರಿಯುವ ಮಳೆ ಸ್ವಲ್ಪವೇ. ಇದಕ್ಕೆ ಕಾರಣವೇನು? ಪಡುವಣ ಕಡಲಿನಿಂದ ಬರುವ ತೇವದ ಗಾಳಿ ಸಹ್ಯಾದ್ರಿಯನ್ನು ಏರುವಾಗ ತಣಿದು, ತನ್ನಲ್ಲಿರುವ ನೀರಿನ ಬಹುಭಾಗವನ್ನು ಅಲ್ಲಿಯೇ ಇಳಿಸಿಬಿಡುತ್ತದೆ. ಆದುದರಿಂದ ಕಪ್ಪತಗುಡ್ಡದಲ್ಲಿ ಕುರುಚಲು ಗಿಡಗಳೂ ಹುಲ್ಲೂ ಬೆಳೆದರೆ, ಚಿಕ್ಕಮಗಳೂರಿನ ಬಾಬಾಬುಡನ್ ಗಿರಿಯ ಎತ್ತರದ ಕಣಿವೆಗಳಲ್ಲಿ ಸದಾ ಹಸುರಾದ ಶೋಲಾ ಕಾಡು ಬೆಳೆದಿದೆ.

ಈ ಕಾಡಿನ ಮರಗಳು ಗಿಡ್ಡ. ಕೊಂಬೆಗಳ ಮೇಲೆಲ್ಲ ಹಾವಸೆ. ಮಂಜು ಎಲೆಗಳಿಗೆ ತಗುಲಿ ಹನಿಯಾಗಿ ತೊಟ್ಟಿಕ್ಕುತ್ತದೆ. ಇಲ್ಲಿನ ನೆಲದ ಪೊದೆಗಳ ಮರೆಯಲ್ಲಿ ವಾಸಿಸುವ ಹಕ್ಕಿಯೇ ನೀಲಗಿರಿ ಶೋಲಕಿಳಿ. ಹೆಸರಿನಲ್ಲಿ 'ಕಿಳಿ' ಎಂದಿದ್ದರೂ ಇದು ಗಿಳಿಯಲ್ಲ; ಮಲೆಯಾಳದಲ್ಲಿ ಕಿಳಿಯೆಂದರೆ ಹಕ್ಕಿ. ಗುಬ್ಬಚ್ಚಿಯಷ್ಟೇ ಗಾತ್ರದ ಇದರ ಬೆನ್ನೂ ಎದೆಯೂ ಬೂದು ಬೆರೆತ ನೀಲಿ, ಪಕ್ಕೆಗಳು ಇಟ್ಟಿಗೆಗೆಂಪು, ಹೊಟ್ಟೆಯ ನಡುವೆ ಬಿಳುಪು. ತರಗೆಲೆಗಳ ನಡುವೆ ಹುಳಹುಪ್ಪಟೆಗಳನ್ನು ಹೆಕ್ಕಿ ತಿನ್ನುತ್ತದೆ. ಮಬ್ಬಿನಲ್ಲಿ ಕಣ್ಣಿಗೆ ಬೀಳುವುದು ಅಪರೂಪ. ಅದರ ಇಂಪಾದ ಸಿಳ್ಳೇ ಅದರ ಇರವನ್ನು ಸಾರುತ್ತದೆ.

19ನೆಯ ಶತಮಾನದಲ್ಲಿ ಮದರಾಸು ಸೈನ್ಯದ ವೈದ್ಯನಾಗಿದ್ದ ಜೆರ್ಡನ್ ಇದನ್ನು ಮೊದಲು ವರ್ಣಿಸಿದನು. ಇದರ ನೆಂಟರು ಯಾರೆಂಬ ವಿಷಯದಲ್ಲಿ ಪಂಡಿತರಿಗೆ ಬಹುಕಾಲ ಒಮ್ಮತವಿರಲಿಲ್ಲ. ವಿ. ವಿ. ರಾಬಿನ್ ಮತ್ತು ಸಂಗಡಿಗರು ಡಿಎನ್ಎ ಪರೀಕ್ಷಿಸಿ, ಇದು ನೊಣಹಿಡುಕ ಹಕ್ಕಿಗಳಿಗೆ ಹತ್ತಿರದ್ದೆಂದು ಕಂಡು, 2017ರಲ್ಲಿ ಇದಕ್ಕಾಗಿ 'ಶೋಲಿಕೋಲಾ' ಎಂಬ ಹೊಸ ಕುಲವನ್ನೇ ಸ್ಥಾಪಿಸಿದರು.

ಪಾಲಘಾಟಿನ ದಕ್ಷಿಣದ ಗಿರಿಗಳಲ್ಲಿರುವ ಬಿಳಿಹೊಟ್ಟೆಯ ಶೋಲಕಿಳಿ ಬೇರೆಯೇ ಜಾತಿ. ನಡುವಿನ ಕಣಿವೆಯ ಅಗಲ ಸುಮಾರು 30 ಕಿಲೋಮೀಟರು ಮಾತ್ರ. ಹದ್ದಿಗೆ ಅದು ಒಂದು ಗಳಿಗೆಯ ದಾರಿ. ಆದರೆ ತಂಪಾದ ಪೊದೆಯನ್ನು ಬಿಟ್ಟಗಲದ ಹಕ್ಕಿಗೆ ಆ ತಗ್ಗಿನ ಬಿಸಿನೆಲ ಸಮುದ್ರವಿದ್ದಂತೆ. ಲಕ್ಷಾಂತರ ವರ್ಷ ಬೇರೆಬೇರೆಯಾಗಿ ಬಾಳಿದ ಎರಡು ಬಳಗಗಳು ಎರಡು ಜಾತಿಗಳಾದವು. ಆದ್ದರಿಂದಲೇ ಇಂಥ ಗಿರಿಶಿಖರಗಳನ್ನು ವಿಜ್ಞಾನಿಗಳು 'ಆಕಾಶದ ದ್ವೀಪಗಳು' ಎನ್ನುತ್ತಾರೆ.

ಈ ದ್ವೀಪಗಳು ಈಗ ಕುಗ್ಗುತ್ತಿವೆ. ತೋಟಗಳಿಗಾಗಿಯೂ ನೆಡುತೋಪುಗಳಿಗಾಗಿಯೂ ಶೋಲಾಗಳು ಅನೇಕ ಕಡೆ ನಾಶವಾಗಿವೆ. ಅದರ ಮೇಲೆ ಭೂಮಿಯ ಶಾಖವೂ ಏರುತ್ತಿದೆ. ಸಾವಿರ ಮೀಟರು ಏರಿದರೆ ಗಾಳಿಯ ಶಾಖ ಸುಮಾರು 6 ಡಿಗ್ರಿ ಸೆಂಟಿಗ್ರೇಡಿನಷ್ಟು ಇಳಿಯುವುದರಿಂದ, ತಪ್ಪಲಿನ ಪ್ರಾಣಿಗಳು ತಂಪನ್ನರಸಿ ಮೇಲಕ್ಕೆ ಸರಿಯಬಹುದು. ಆದರೆ ಬಾಬಾಬುಡನ್ ಸಾಲಿನ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯ ಎತ್ತರವೇ ಸುಮಾರು 1,930 ಮೀಟರು. ನೆತ್ತಿಯನ್ನು ಮುಟ್ಟಿದ ಹಕ್ಕಿಗೆ ಅದರಾಚೆ ನೆಲವಿಲ್ಲ. ಇರುವ ಕಾಡನ್ನು ಇದ್ದಲ್ಲಿಯೇ ಉಳಿಸುವುದೊಂದೇ ಅದಕ್ಕೆ ನಾವು ಮಾಡಬಹುದಾದ ಉಪಕಾರ.