ಸ್ಕ್ರೀನ್ ರೀಡರ್‌ನ ದನಿಯೂ ಧ್ವನಿಮುದ್ರಣವೂ

ಕಣ್ಣುಳ್ಳವನ ನೋಟಕ್ಕೆ ಸದ್ದಿಲ್ಲ. ಮೈಕಿನ ಮುಂದೆ ಕುಳಿತು ಮಾತನಾಡುತ್ತಿರುವವನು ಎದುರಿನ ಕಂಪ್ಯೂಟರ್ ಪರದೆಯತ್ತ ಎಷ್ಟು ಸಲ ದೃಷ್ಟಿ ಹಾಯಿಸಿದರೂ ಆ ದೃಷ್ಟಿಪಾತದ ಲೇಶವಾದರೂ ಮುದ್ರಣದೊಳಗೆ ಬೀಳಲಾರದು. ಅಂಧನಾದವನಿಗೆ ಈ ಸೌಕರ್ಯವಿಲ್ಲ. ಪರದೆಯ ಮೇಲಿನ ಅಕ್ಷರಗಳನ್ನೂ ಗುಂಡಿಗಳನ್ನೂ ಎಚ್ಚರಿಕೆಗಳನ್ನೂ ಆತನಿಗೆ ಅರುಹುವ ಸ್ಕ್ರೀನ್ ರೀಡರ್ ಎಂಬ ತಂತ್ರಾಂಶವು ಮಾತಿನ ಮೂಲಕವೇ ಅರುಹತಕ್ಕದ್ದಾದುದರಿಂದ ಆತನ ನೋಟವೇ ಒಂದು ಶಬ್ದ. ಶಬ್ದವನ್ನು ಹಿಡಿದಿಡುವುದೇ ಉದ್ದೇಶವಾಗಿರುವ ಕೆಲಸದಲ್ಲಿ ಈ ಶಬ್ದಮಯವಾದ ನೋಟವನ್ನು ಎಲ್ಲಿ ಅಡಗಿಸುವುದೆಂಬುದೇ ಆತನ ಮೊದಲನೆಯ ಚಿಂತೆ.

ಮೈಸೂರು ಸೀಮೆಗೆ ಈ ಚಿಂತೆ ತೀರ ಹೊರಗಿನದಲ್ಲ. 1901ರಲ್ಲಿಯೇ ಎಂ. ಶ್ರೀನಿವಾಸರಾಯರು ಮೈಸೂರಿನಲ್ಲಿ ಅಂಧರಿಗೂ ಕಿವುಡರಿಗೂ ಒಂದು ಶಾಲೆಯನ್ನು ತೆರೆದರು. 1935ರಲ್ಲಿ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವೊಂದನ್ನು ಸ್ಥಾಪಿಸಿದರು. ಮುಂದೆ ಇಡೀ ದೇಶದ ಬಾನುಲಿಗೆ ಸಂದ ‘ಆಕಾಶವಾಣಿ’ ಎಂಬ ಹೆಸರನ್ನು ಹೊತ್ತಿದ್ದುದು ಅದೇ ಕೇಂದ್ರ. ಒಂದೇ ಪಟ್ಟಣದಲ್ಲಿ ಹುಟ್ಟಿದ ಈ ಎರಡು ಉದ್ಯಮಗಳು ಬಹುಕಾಲ ಒಂದನ್ನೊಂದು ಸಂಧಿಸಲಿಲ್ಲವೆಂದೇ ಹೇಳಬೇಕು. ಏಕೆಂದರೆ ಅಂಧನು ಗಾಯಕನಾಗಿಯೋ ವಾದಕನಾಗಿಯೋ ಮೈಕಿನ ಮುಂದೆ ಬಂದರೂ ಮುದ್ರಣಯಂತ್ರದ ಹಿಂದಿನ ಆಸನ ಕಣ್ಣುಳ್ಳವರ ಪಾಲಿಗೇ ಮೀಸಲಾಗಿತ್ತು. ಮಾತನಾಡುವ ಪುಸ್ತಕಗಳ ಮಾತೂ ಅಷ್ಟೆ. ಬೆಂಗಳೂರಿನ ಮಿತ್ರಜ್ಯೋತಿಯಂಥ ಸಂಸ್ಥೆಗಳು 1990ರಿಂದೀಚೆಗೆ ಕಟ್ಟಿದ ಶ್ರವ್ಯಗ್ರಂಥಗಳ ಭಂಡಾರ ಅಮೂಲ್ಯವಾದುದೇ. ಆದರೆ ಅಂಥ ವ್ಯವಸ್ಥೆಯಲ್ಲಿ ಸಾಮಾನ್ಯವಾಗಿ ಓದುವವರು ಕಣ್ಣುಳ್ಳ ಸ್ವಯಂಸೇವಕರು, ಅಂಧರು ಕೇಳುವವರು ಮಾತ್ರ. ಅಂಧರೇ ಮುದ್ರಿಸುವವರಾಗಬೇಕಾದರೆ ಏನು ಬೇಕೆಂಬುದು ಈ ಲೇಖನದ ವಿಷಯ.

ಬೇಕಾದುದರಲ್ಲಿ ಬಹುಭಾಗ ಈಗ ಧರ್ಮಾರ್ಥವಾಗಿಯೇ ದೊರಕುತ್ತದೆ. 2006ರಲ್ಲಿ ಆಸ್ಟ್ರೇಲಿಯಾದ ಮೈಕೆಲ್ ಕರ್ರನ್ ಆರಂಭಿಸಿ, ಬಳಿಕ ಜೇಮ್ಸ್ ಟೇ ಕೂಡಿಕೊಂಡು ಬೆಳೆಸಿದ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್‌ಗೆ ಬೆಲೆಯಿಲ್ಲ. ಇಬ್ಬರೂ ಸ್ವತಃ ದೃಷ್ಟಿಹೀನರು. ಅದರೊಡನೆ ಬರುವ ಇಸ್ಪೀಕ್ ಎಂಬ ಯಾಂತ್ರಿಕ ಕಂಠವು ಕನ್ನಡವನ್ನೂ ಓದುತ್ತದೆ, ಭಾವಶೂನ್ಯವಾಗಿ ಓದುತ್ತದೆಂಬುದು ಬೇರೆ ಮಾತು. ಮುದ್ರಣಕ್ಕೆ ಬೇಕಾದ ಅಡಾಸಿಟಿ ಎಂಬ ತಂತ್ರಾಂಶವೂ ಉಚಿತ. ಇನ್ನು ಮುದ್ರಿಸತಕ್ಕ ಸಾಮಗ್ರಿಗೆ ಮೈಸೂರು ಸೀಮೆಯ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳಲ್ಲಿ ಕೊರತೆಯೆಂಬುದುಂಟೆ! ಜೇನುಕುರುಬರ ಹಾಡಿಯ ಮಾತುಕಥೆಯಿಂದ ಹಿಡಿದು ಗದ್ದೆಬಯಲಿನ ನಾಟಿಯ ಪದದವರೆಗೆ ಎಲ್ಲವೂ ಅಲ್ಲಿದೆ. ಹಿಂದೆ ಹೆಗ್ಗಡದೇವನಕೋಟೆ ತಾಲ್ಲೂಕಿಗೆ ಸೇರಿದ್ದ ಸರಗೂರಿನಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ನಡೆಸುವ ‘ಜನಧ್ವನಿ’ ಎಂಬ ಸಮುದಾಯ ಬಾನುಲಿಯೂ 90.8 ಮೆಗಾಹರ್ಟ್ಸಿನಲ್ಲಿ ಇದೆ.

ಪಿರಿಯಾಪಟ್ಟಣದ ಕಡೆಯ ಒಂದು ಹಳ್ಳಿಯಲ್ಲಿ ದೃಷ್ಟಿಹೀನಳಾದ ತರುಣಿಯೊಬ್ಬಳು ತನ್ನ ಅಜ್ಜಿಯ ಸೋಬಾನೆ ಪದಗಳನ್ನು ಲ್ಯಾಪ್‌ಟಾಪಿನಲ್ಲಿ ಮುದ್ರಿಸಹೊರಟಳೆಂದು ಭಾವಿಸೋಣ. ಅಜ್ಜಿ ಹಾಡುತ್ತಾಳೆ, ಮೊಮ್ಮಗಳು ಮುದ್ರಣ ನಡೆಯುತ್ತಿದೆಯೋ ಇಲ್ಲವೋ ಎಂದು ತಿಳಿಯಲು ಕೀಲಿಯೊಂದನ್ನು ಒತ್ತುತ್ತಾಳೆ, ಲ್ಯಾಪ್‌ಟಾಪ್ ತನಗೆ ತಿಳಿದುದನ್ನು ಗಟ್ಟಿಯಾಗಿ ಹೇಳಿಬಿಡುತ್ತದೆ. ಮರಳಿ ಕೇಳಿಸಿದಾಗ ಅಜ್ಜಿಯ ಪ್ರಶ್ನೆ ಸಹಜವಾದುದೇ: “ಅದ್ಯಾರ್ ಮಗ, ನನ್ ಪದದ ಮಧ್ಯ ಇಂಗ್ಲೀಸ್‌ನಲ್ಲಿ ಮಾತಾಡ್ತಿರೋದು?”

ಈ ಅನಾಹೂತ ಅತಿಥಿ ಒಳಬರುವ ದಾರಿಗಳು ಎರಡು. ಒಂದು ಗಾಳಿಯ ದಾರಿ: ಸ್ಪೀಕರಿನಿಂದ ಹೊರಟ ದನಿ ಕೋಣೆಯಲ್ಲಿ ಹರಡಿ ಮೈಕನ್ನು ಸೇರುವುದು. ಇದನ್ನು ತಡೆಯಲು ಹೆಡ್‌ಫೋನ್ ಸಾಕು. ಆದರೆ ಕಿವಿಯನ್ನು ಪೂರ್ಣವಾಗಿ ಮುಚ್ಚುವ ಜಾತಿಯದಾಗಿರಬೇಕು, ದನಿಯೂ ತಗ್ಗಿರಬೇಕು, ಇಲ್ಲವಾದರೆ ಕಿವಿಯ ಬಟ್ಟಲಿನಿಂದ ಸೋರುವ ಪಿಸುಮಾತೇ ಸಮೀಪದ ಮೈಕಿಗೆ ಸಾಕಾಗುತ್ತದೆ. ಇನ್ನೊಂದು ಯಂತ್ರದ ಒಳದಾರಿ, ಇದೇ ಹೆಚ್ಚು ಮೋಸದ್ದು. ಇಂಟರ್‌ನೆಟ್ ಕರೆಯಲ್ಲಿ ದೂರದವರ ಸಂದರ್ಶನವನ್ನು ಮುದ್ರಿಸುವಾಗ ಕಂಪ್ಯೂಟರ್ ತಾನೇ ನುಡಿಸುವ ಸದ್ದನ್ನು ಹಿಡಿಯಬೇಕಾಗುತ್ತದೆ. ಅದಕ್ಕಾಗಿ ‘ಸ್ಟೀರಿಯೊ ಮಿಕ್ಸ್’ ಅಥವಾ ‘ಲೂಪ್‌ಬ್ಯಾಕ್’ ಎಂಬ ಮೂಲವನ್ನು ಆರಿಸುತ್ತಾರೆ. ಆ ಮೂಲಕ್ಕೆ ಅತಿಥಿಯ ದನಿ, ಸ್ಕ್ರೀನ್ ರೀಡರ್‌ನ ದನಿ ಎಂಬ ಭೇದವಿಲ್ಲ. ಕದ ಕಿಟಕಿಗಳನ್ನೆಲ್ಲ ಮುಚ್ಚಿ ಹೆಡ್‌ಫೋನ್ ಧರಿಸಿದ್ದರೂ ಎಲ್ಲವೂ ಒಂದೇ ಎರಕದಲ್ಲಿ ಬಂದು ಕೂಡುತ್ತದೆ.

ಆಮೇಲೆ ತೆಗೆದುಹಾಕಿದರಾಯಿತೆಂಬ ಧೈರ್ಯ ಇಲ್ಲಿ ನಡೆಯದು. ಅಡಾಸಿಟಿಯ ಗದ್ದಲ ಕಡಿಮೆ ಮಾಡುವ ಸಾಧನವು ಕೆಲವು ಕ್ಷಣಗಳ ಬರಿಯ ಗದ್ದಲವನ್ನು ಮಾದರಿಯಾಗಿ ಗ್ರಹಿಸಿ ಅದನ್ನು ಉಳಿದುದರಿಂದ ಇಳಿಸುತ್ತದೆ; ಆದುದರಿಂದ ಫ್ಯಾನಿನ ಮೊರೆತದಂತೆ ಏಕರೂಪವಾದ ಸದ್ದಿಗೆ ಅದು ರಾಮಬಾಣ, ಚುಂಚನಕಟ್ಟೆಯಲ್ಲಿ ಧುಮ್ಮಿಕ್ಕುವ ಕಾವೇರಿಯ ದೂರದ ಭೋರ್ಗರೆತಕ್ಕೂ ತಕ್ಕಮಟ್ಟಿಗೆ ಉಪಯುಕ್ತ. ಯಾಂತ್ರಿಕ ಕಂಠವಾದರೋ ಮನುಷ್ಯಕಂಠದ ಆವೃತ್ತಿಗಳಲ್ಲಿಯೇ ನುಡಿಯುತ್ತದೆ, ಕ್ಷಣಕ್ಷಣಕ್ಕೂ ಬದಲಾಗುತ್ತದೆ. ಅದನ್ನು ಕಿತ್ತರೆ ಅಜ್ಜಿಯ ಕಂಠವೂ ಹರಿದು ಬರುತ್ತದೆ.

ಎನ್‌ವಿಡಿಎ ಕೀಲಿಯೊಡನೆ ‘ಎಸ್’ ಒತ್ತುತ್ತ ಹೋಗಿ ಮಾತನ್ನು ನಿಲ್ಲಿಸಿಬಿಡುವುದು ಅನೇಕರು ಹಿಡಿಯುವ ಉಪಾಯ. ಎಣಿಕೆ ತಪ್ಪಿದರೆ ಮಾತಿನ ಬದಲು ಬೀಪ್ ಸದ್ದು ಹೊರಡುವುದೆಂಬ ತೊಡಕು ಸಣ್ಣದು; ದೊಡ್ಡ ಆಕ್ಷೇಪ ಬೇರೆ. ಹಾಗೆ ಮಾಡಿದವನು ಕೆಲಸದ ನಟ್ಟನಡುವೆ ತನ್ನ ಕಣ್ಣನ್ನು ತಾನೇ ಕಟ್ಟಿಕೊಂಡಂತಾಯಿತು. ಬ್ಯಾಟರಿ ಮುಗಿಯುತ್ತ ಬಂದಿತೆಂಬ ಎಚ್ಚರಿಕೆ ಬಂದರೂ, ಮುದ್ರಣವೇ ನಿಂತುಹೋಗಿದ್ದರೂ ಆತನಿಗೆ ತಿಳಿಯುವ ಬಗೆಯಿಲ್ಲ. ಕಣ್ಣುಳ್ಳ ಮುದ್ರಣಕಾರನನ್ನು ಪರದೆಗೆ ಬೆನ್ನುಮಾಡಿ ಕೂರೆಂದು ಯಾರೂ ಕೇಳುವುದಿಲ್ಲವಷ್ಟೆ. ಆದುದರಿಂದ ನನ್ನ ಮತದಲ್ಲಿ ಸರಿಯಾದ ಮಾರ್ಗ ಮೌನವಲ್ಲ, ವಿಭಜನೆ. ಕೆಲವು ನೂರು ರೂಪಾಯಿಗೆ ಸಿಗುವ ಚಿಕ್ಕ ಯುಎಸ್‌ಬಿ ಸೌಂಡ್ ಕಾರ್ಡೊಂದನ್ನು ಸಿಕ್ಕಿಸಿ, ಎನ್‌ವಿಡಿಎಯ ಆಡಿಯೊ ಸೆಟ್ಟಿಂಗ್‌ನಲ್ಲಿ ಆ ಕಾರ್ಡನ್ನೇ ಹೊರದ್ವಾರವಾಗಿ ನಿಯಮಿಸಿದರೆ, ಸ್ಕ್ರೀನ್ ರೀಡರ್‌ನ ಮಾತು ಅಲ್ಲಿಗೆ ಹೋಗುತ್ತದೆ, ಮಿಕ್ಕೆಲ್ಲ ಸದ್ದು ಯಂತ್ರದ ಮೂಲ ದ್ವಾರದಲ್ಲಿ ಉಳಿಯುತ್ತದೆ; ಲೂಪ್‌ಬ್ಯಾಕ್ ಈ ಎರಡನೆಯದನ್ನು ಮಾತ್ರ ಹಿಡಿಯುತ್ತದೆ. ಒಂದು ಕಿವಿಯಲ್ಲಿ ಸಣ್ಣ ಇಯರ್‌ಫೋನ್, ಅದರ ಮೇಲೆ ಹೆಡ್‌ಫೋನ್ ಧರಿಸುವವರುಂಟು; ನೋಡಲು ವಿಚಿತ್ರ, ಕೆಲಸಕ್ಕೆ ಸುಖ. ಆದರೆ ಹೊಸ ಕಾರ್ಡನ್ನೋ ಮೈಕನ್ನೋ ಸಿಕ್ಕಿಸಿದೊಡನೆ ವಿಂಡೋಸ್ ಕೇಳದೆಯೇ ಅದನ್ನೇ ಮುಖ್ಯದ್ವಾರವಾಗಿ ಮಾಡಿಬಿಡುವುದುಂಟು, ಅದನ್ನು ಪ್ರತಿಸಲವೂ ಪರೀಕ್ಷಿಸಬೇಕು. ಬ್ಲೂಟೂತ್ ಹೆಡ್‌ಸೆಟ್ ಈ ಕಾರ್ಯಕ್ಕೆ ಬೇಡ: ಅದರ ಮೈಕನ್ನು ಬಳಸಿದೊಡನೆ ಶಬ್ದದ ಗುಣ ದೂರವಾಣಿಯ ಮಟ್ಟಕ್ಕೆ ಇಳಿಯುತ್ತದೆ.

ದನಿಯ ಮಟ್ಟವನ್ನು ಅಳೆಯುವುದು ಇನ್ನೊಂದು ಕಷ್ಟ. ಪರದೆಯ ಮೇಲೆ ಹಸಿರು ಹಳದಿ ಕೆಂಪಾಗಿ ಕುಣಿಯುವ ಪಟ್ಟಿ ಅಂಧನಿಗೆ ಇಲ್ಲದಂತೆಯೇ. ಆದರೂ ಒಂದು ಜಾಣ್ಮೆಯಿದೆ: ಮುದ್ರಿಸಿದುದನ್ನು ಆಯ್ದು ಅಡಾಸಿಟಿಯ ‘ಆಂಪ್ಲಿಫೈ’ ಎಂಬ ಪರಿಣಾಮವನ್ನು ತೆರೆದರೆ, ಶಿಖರವು ಸೊನ್ನೆ ಡೆಸಿಬಲ್ ಮುಟ್ಟಲು ಎಷ್ಟು ಏರಿಸಬೇಕೆಂಬ ಸಂಖ್ಯೆ ಅಲ್ಲಿ ತಾನಾಗಿಯೇ ಬರೆದಿರುತ್ತದೆ, ಸ್ಕ್ರೀನ್ ರೀಡರ್ ಅದನ್ನು ಓದುತ್ತದೆ. ಸಂಖ್ಯೆ 6 ಎಂದಿದ್ದರೆ ಶಿಖರ ಸೊನ್ನೆಗಿಂತ 6 ಡೆಸಿಬಲ್ ಕೆಳಗಿತ್ತೆಂದರ್ಥ, ಅದು ಕ್ಷೇಮ; ಸೊನ್ನೆಯೇ ಆಗಿದ್ದರೆ ದನಿ ಒಡೆದಿರಬಹುದು. ಏರಿಸದೆ ಎಸ್ಕೇಪ್ ಒತ್ತಿ ಹೊರಬಂದರಾಯಿತು. ರೀಪರ್ ಎಂಬ ಇನ್ನೊಂದು ಮುದ್ರಣ ತಂತ್ರಾಂಶವನ್ನು ಬಳಸುವವರಿಗೆ ಮೇಲೆ ಹೇಳಿದ ಜೇಮ್ಸ್ ಟೇ ರೂಪಿಸಿದ ಒಸಾರಾ ಎಂಬ ಉಪತಂತ್ರಾಂಶವು ಮಟ್ಟ ಮೀರಿದೊಡನೆ ಬಾಯಿಬಿಟ್ಟು ಹೇಳುತ್ತದೆ.

ಇಷ್ಟೆಲ್ಲ ಸಜ್ಜಾದ ಮೇಲೂ ಊರಿನ ಸದ್ದು ಉಂಟಲ್ಲ! ಮುಂಗಾರಿನಲ್ಲಿ ಶೀಟಿನ ಮಾಡಿನ ಮೇಲೆ ಮಳೆ ಬಿದ್ದರೆ ಅಂದಿನ ಕೆಲಸ ಮುಗಿಯಿತು. ಹುಣಸೂರು ಪಿರಿಯಾಪಟ್ಟಣಗಳಲ್ಲಿ ಹೊಗೆಸೊಪ್ಪಿನ ಬ್ಯಾರನ್‌ಗಳಿಗೆ ಬೆಂಕಿಯಿಡುವ ಕಾಲದಲ್ಲಿ ಸೌದೆಯ ಟ್ರ್ಯಾಕ್ಟರುಗಳು, ಕೃಷ್ಣರಾಜನಗರದ ಬಯಲಿನಲ್ಲಿ ಸುಗ್ಗಿಗೆ ಭತ್ತ ಕೊಯ್ಯುವ ಯಂತ್ರಗಳು, ಎಲ್ಲೆಡೆಯೂ ತ್ರೀಫೇಸ್ ಬಂದೊಡನೆ ಏಳುವ ಪಂಪ್‌ಸೆಟ್ಟುಗಳು. ಅರ್ಥಿಂಗ್ ಸರಿಯಿಲ್ಲದ ಮನೆಯಲ್ಲಿ ಚಾರ್ಜರ್ ಸಿಕ್ಕಿಸಿಕೊಂಡೇ ಮುದ್ರಿಸಿದರೆ ವಿದ್ಯುತ್ತಿನ 50 ಹರ್ಟ್ಸಿನ ಗುಂಯ್ಗಾರ ಅಡಿಯಲ್ಲಿ ಸೇರಿಕೊಳ್ಳುತ್ತದೆ. ಚಾರ್ಜರ್ ಕಿತ್ತು ಬ್ಯಾಟರಿಯ ಮೇಲೆ ನಡೆಸಿದರೆ ಬಹುಮಟ್ಟಿಗೆ ನಿಲ್ಲುತ್ತದೆ. ಭತ್ತದ ಮೂಟೆಗಳನ್ನು ಒಟ್ಟಿದ ಕೋಣೆ, ಬರಿಗೋಡೆಗಳ ಪಡಸಾಲೆಗಿಂತ ಎಷ್ಟೋ ಮೇಲು. ಗೋಣಿಯೂ ಕಾಳೂ ಪ್ರತಿಧ್ವನಿಯನ್ನು ನುಂಗುತ್ತವೆ.

ಗ್ರಂಥವಾಚನಕ್ಕೆ ಹೊರಟವರ ಶ್ರಮ ಇದೆಲ್ಲಕ್ಕಿಂತ ದೊಡ್ಡದು. 2012ರ ಕೃತಿಸ್ವಾಮ್ಯ ತಿದ್ದುಪಡಿ ಅಂಧರಿಗೆ ಓದಲು ಬರುವ ರೂಪಕ್ಕೆ ಗ್ರಂಥಗಳನ್ನು ಪರಿವರ್ತಿಸಲು ದಾರಿಮಾಡಿತು. ಅದೇ ಉದ್ದೇಶದ ಅಂತರರಾಷ್ಟ್ರೀಯ ಮರಕೇಶ್ ಒಪ್ಪಂದವನ್ನು 2014ರಲ್ಲಿ ಎಲ್ಲ ದೇಶಗಳಿಗಿಂತ ಮೊದಲು ಅನುಮೋದಿಸಿದುದು ಭಾರತವೇ. ಆದರೆ ಅಂಧ ವಾಚಕಿ ಪುಟವನ್ನು ನೋಡಿ ಓದಲಾರಳು. ಯಂತ್ರವು ಕಿವಿಯಲ್ಲಿ ಒಂದು ವಾಕ್ಯವನ್ನು ಉಸುರುತ್ತದೆ, ಆಕೆ ಅದನ್ನು ಕೇಳುತ್ತಲೇ ತನ್ನ ಕಂಠದಲ್ಲಿ ನುಡಿಯುತ್ತಾಳೆ. ಆ ನಿರ್ಜೀವ ಸ್ವರದ ಏರಿಳಿತ ತನ್ನ ಸ್ವರಕ್ಕೆ ಅಂಟದಂತೆ ಕಾಯ್ದುಕೊಳ್ಳುವುದು ಗಮಕಿಯ ಅಭ್ಯಾಸಕ್ಕೆ ಕಡಮೆಯಾದ ಅಭ್ಯಾಸವಲ್ಲ. ತಪ್ಪಿದೆಡೆಯಲ್ಲಿ ಮುದ್ರಣವನ್ನು ನಿಲ್ಲಿಸದೆ ಕಂಟ್ರೋಲ್ ಮತ್ತು ‘ಎಂ’ ಒತ್ತಿದರೆ ಅಡಾಸಿಟಿ ಆ ಕ್ಷಣಕ್ಕೆ ಗುರುತುಚೀಟಿ ಹಚ್ಚುತ್ತದೆ. ಅದೇ ವಾಕ್ಯವನ್ನು ಮತ್ತೆ ಓದಿ ಮುಂದುವರಿದರೆ, ಕೊನೆಗೆ ಚೀಟಿಯಿಂದ ಚೀಟಿಗೆ ಹಾರಿ ತಪ್ಪುಗಳನ್ನು ಕತ್ತರಿಸಬಹುದು.

ಕಿವಿಯನ್ನು ಪೂರ್ತಿಯಾಗಿ ಕಂಠಕ್ಕೇ ಬಿಟ್ಟುಕೊಡುವ ಉಪಾಯವೂ ಒಂದಿದೆ. ಬ್ರೈಲ್ ಡಿಸ್‌ಪ್ಲೇ ಎಂಬ ಉಪಕರಣದಲ್ಲಿ ಪರದೆಯ ಸಾಲು ಚುಕ್ಕೆಗಳಾಗಿ ಏಳುತ್ತದೆ; ಬೆರಳಿನಿಂದ ಓದುತ್ತ ಬಾಯಿಂದ ನುಡಿಯಬಹುದು, ಕನ್ನಡದ ಬ್ರೈಲೂ ಅದರಲ್ಲಿ ಮೂಡುತ್ತದೆ. ಅದರ ಬೆಲೆ ಒಂದು ಲ್ಯಾಪ್‌ಟಾಪಿನ ಬೆಲೆಯನ್ನು ಮೀರುವುದುಂಟಾದುದರಿಂದ ಹಳ್ಳಿಯ ಮನೆಗೆ ಅದು ಸುಲಭವಾಗಿ ಬರದು. ತಾಲ್ಲೂಕಿನ ಗ್ರಂಥಾಲಯಕ್ಕೋ ಕಾಲೇಜಿಗೋ ಒಂದನ್ನು ತರಿಸಿಡುವುದು ಮಾತ್ರ ಅಸಾಧ್ಯವೇನಲ್ಲ. ತರಿಸಿದವರು ಅದನ್ನು ಮೈಕಿನ ಮೇಜಿನ ಮೇಲೆಯೇ ಇಡಬಾರದು: ಚುಕ್ಕೆಗಳ ಕಡ್ಡಿಗಳು ಏಳುವಾಗ ಆಗುವ ಚಿಟಿಕೆಸದ್ದು ಮರದ ಮೂಲಕ ಮೈಕಿಗೆ ತಲಪುತ್ತದೆ, ತೊಡೆಯ ಮೇಲೆ ಮಡಿಸಿದ ಟವೆಲನ್ನು ಹಾಕಿ ಅದರ ಮೇಲೆ ಇಟ್ಟುಕೊಂಡರೆ ತಲಪುವುದಿಲ್ಲ.